ಉಗಿಸ್ಫೋಟದ ಹೆಜ್ಜೆಗುರುತು: ಜ್ವಾಲಾಮುಖಿ ನಿಕ್ಷೇಪಗಳಿಂದ ಹಳೆಯ ಸ್ಫೋಟಗಳನ್ನು ಮರುರಚಿಸುವ ಸಮಗ್ರ ಮಾರ್ಗದರ್ಶಿ

2014ರ ಸೆಪ್ಟೆಂಬರ್ 27ರ ಶನಿವಾರ, ಬೆಳಿಗ್ಗೆ 11 ಗಂಟೆ 52 ನಿಮಿಷಕ್ಕೆ ಜಪಾನಿನ ಒಂಟಾಕೆ ಪರ್ವತ ಸ್ಫೋಟಿಸಿತು. 3,067 ಮೀಟರ್ ಎತ್ತರದ ಶಿಖರದ ಸುತ್ತ ಆ ಹೊತ್ತಿನಲ್ಲಿ ನೂರಾರು ಚಾರಣಿಗರು ಇದ್ದರು. 58 ಮಂದಿ ಸತ್ತರು, ಐವರು ಪತ್ತೆಯಾಗಲೇ ಇಲ್ಲ. ಅಷ್ಟು ಜೀವಗಳನ್ನು ತೆಗೆದ ಆ ಸ್ಫೋಟದಲ್ಲಿ ಲಾವಾರಸ ಹರಿಯಲಿಲ್ಲ. ನೆಲದೊಳಗೆ ಒತ್ತಡದಲ್ಲಿ ಕಾದಿದ್ದ ನೀರು ಒಮ್ಮೆಲೇ ಉಗಿಯಾಗಿ, ತನ್ನ ಮೇಲಿದ್ದ ಹಳೆಯ ಬಂಡೆಯನ್ನೇ ಪುಡಿಮಾಡಿ ಹೊರಗೆಸೆದಿತ್ತು. ಸ್ಫೋಟ ಉಳಿಸಿಹೋದದ್ದು ಬೂದುಬಣ್ಣದ ಜೇಡಿಯಂಥ ಬೂದಿ ಮತ್ತು ಶಿಖರದ ಸುತ್ತ ಚೆಲ್ಲಿದ ಕಲ್ಲುಗಳನ್ನು ಮಾತ್ರ. ಬಾಯಿಯಿಂದ ಕೆಲವು ಕಿಲೋಮೀಟರ್ ದೂರ ಹೋದರೆ ಆ ಬೂದಿ ಮಿಲಿಮೀಟರುಗಳಲ್ಲಿ ಅಳೆಯುವಷ್ಟು ತೆಳುವಾಗುತ್ತದೆ, ಮಳೆ ಮತ್ತು ಹಿಮ ಅದನ್ನು ಬೇಗ ಅಳಿಸುತ್ತವೆ.

ಈ ಕೆಲಸದ ಮೂಲ ತೊಡಕು ಇಲ್ಲೇ ಇದೆ. ಜನರನ್ನು ಕೊಲ್ಲುವಷ್ಟು ದೊಡ್ಡದಾದ ಉಗಿಸ್ಫೋಟ ಭೂವಿಜ್ಞಾನದ ದಾಖಲೆಯಲ್ಲಿ ಉಳಿಯುವಷ್ಟು ದೊಡ್ಡದಾಗಿರಬೇಕೆಂದೇನೂ ಇಲ್ಲ. ಆದ್ದರಿಂದ ಹಳೆಯ ಉಗಿಸ್ಫೋಟಗಳನ್ನು ಹುಡುಕುವವರು ಎರಡು ಪ್ರಶ್ನೆಗಳನ್ನು ಸದಾ ಎದುರಿಗಿಟ್ಟುಕೊಳ್ಳಬೇಕಾಗುತ್ತದೆ. ಇಂಥ ತೆಳು ಪದರ ಎಲ್ಲಿ ಉಳಿದಿರಬಲ್ಲದು? ಸಿಕ್ಕ ಪದರದಲ್ಲಿ ಹೊಸ ಶಿಲಾರಸ ಇರಲೇ ಇಲ್ಲವೆಂದು ಎಷ್ಟು ಖಚಿತವಾಗಿ ಹೇಳಬಹುದು? ಮುಂದೆ ಬರುವ ಹಂತಗಳೆಲ್ಲ ಈ ಎರಡು ಪ್ರಶ್ನೆಗಳ ಸುತ್ತಲೇ ಹೆಣೆದುಕೊಂಡಿವೆ.

ಆರಂಭಕ್ಕೆ ಮುನ್ನ: ಯಾವುದನ್ನು ಉಗಿಸ್ಫೋಟ ಎನ್ನುತ್ತೇವೆ

ನೀರು ಪಾಲ್ಗೊಳ್ಳುವ ಸ್ಫೋಟಗಳೆಲ್ಲ ಒಂದೇ ಬಗೆಯವಲ್ಲ. ಏರಿಬರುವ ಶಿಲಾರಸ ನೀರನ್ನು ನೇರವಾಗಿ ಸಂಧಿಸಿ ತಾನೂ ಚೂರುಚೂರಾಗಿ ಹೊರಬಂದರೆ ಅದು ಜಲ-ಶಿಲಾರಸ ಸ್ಫೋಟ. ಅದರ ನಿಕ್ಷೇಪದಲ್ಲಿ ತಾಜಾ ಗಾಜಿನ, ಎಂದರೆ ಥಟ್ಟನೆ ತಣಿದು ಹೆಪ್ಪುಗಟ್ಟಿದ ಶಿಲಾರಸದ, ಕಣಗಳು ಇದ್ದೇ ಇರುತ್ತವೆ. ಶಿಲಾರಸ ಆಳದಲ್ಲೇ ಉಳಿದು, ಅದರ ಶಾಖ ಅಥವಾ ಅನಿಲ ಮಾತ್ರ ಮೇಲಿನ ನೀರನ್ನು ಸೇರಿ ಸ್ಫೋಟವಾದರೆ ಅದು ಈ ಬರಹದ ಅರ್ಥದಲ್ಲಿ ಉಗಿಸ್ಫೋಟ. ಮೂರನೆಯ ಸಂದರ್ಭವೂ ಒಂದಿದೆ. ಆಳದಿಂದ ಹೊಸದಾಗಿ ಏನೂ ಬರದೆ, ಮೇಲಿನ ಭಾರ ಮಾತ್ರ ದಿಢೀರನೆ ಕಡಿಮೆಯಾಗಿ, ಮೊದಲೇ ಕಾದಿದ್ದ ನೀರು ಕುದಿದೇಳಬಹುದು. ಸರೋವರದ ಮಟ್ಟ ಇಳಿಯುವುದು, ಬೆಟ್ಟದ ಮಗ್ಗುಲು ಜಾರುವುದು, ಭೂಕಂಪದಿಂದ ಬಿರುಕು ಬೀಳುವುದು ಇದಕ್ಕೆ ಕಾರಣವಾಗುತ್ತವೆ. ಅಮೆರಿಕದ ಯೆಲ್ಲೋಸ್ಟೋನ್ ಸರೋವರದ ಮೇರಿ ಬೇ ಕುಳಿ ಹೀಗೆ ಬಿಸಿನೀರಿನ ಸ್ಫೋಟದಿಂದಲೇ ಉಂಟಾದದ್ದು. ಅದರ ಅಗಲ ಎರಡೂವರೆ ಕಿಲೋಮೀಟರಿನಷ್ಟಿದ್ದು, ಸುಮಾರು 13,800 ವರ್ಷಗಳ ಹಿಂದಿನದು.

ಇದರ ಭೌತಶಾಸ್ತ್ರವನ್ನು ಅಂಕಿಗಳಲ್ಲಿ ಒಮ್ಮೆ ನೋಡಿದರೆ ಮುಂದಿನ ಹಂತಗಳು ಸುಲಭವಾಗುತ್ತವೆ. 250 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದ್ರವವಾಗಿಯೇ ಉಳಿಯಬೇಕಾದರೆ ಸುಮಾರು 40 ಬಾರ್, ಎಂದರೆ ವಾತಾವರಣದ ಸುಮಾರು ನಲವತ್ತು ಪಟ್ಟು, ಒತ್ತಡ ಬೇಕು. ನೀರು ತುಂಬಿದ ನೆಲದಲ್ಲಿ ಆ ಒತ್ತಡ 400ರಿಂದ 500 ಮೀಟರ್ ಆಳದಲ್ಲಿ ಸಿಗುತ್ತದೆ. ಆ ನೀರಿನ ಮೇಲಿನ ಒತ್ತಡ ಒಮ್ಮೆಲೇ ವಾತಾವರಣದ ಮಟ್ಟಕ್ಕೆ ಇಳಿದರೆ ಅದರ ತೂಕದ ಕಾಲು ಭಾಗದಷ್ಟು ಉಗಿಯಾಗಿ, ಒಟ್ಟು ಗಾತ್ರ ಮುನ್ನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಬಂಡೆಯ ರಂಧ್ರಗಳಲ್ಲೇ ಈ ಹಿಗ್ಗುವಿಕೆ ನಡೆಯುವುದರಿಂದ ಬಂಡೆ ಒಳಗಿನಿಂದ ಒಡೆಯುತ್ತದೆ. ಹೊರಬೀಳುವ ವಸ್ತುವೆಲ್ಲ ಹಳೆಯ ಬಂಡೆಯೇ ಆಗಿರುವುದಕ್ಕೂ, ಅದರಲ್ಲಿ ನುಣುಪು ಜೇಡಿ ಹೇರಳವಾಗಿರುವುದಕ್ಕೂ ಕಾರಣ ಇದೇ.

ಹಂತ 1: ನಕ್ಷೆ ಮತ್ತು ದಾಖಲೆಗಳ ಓದು

ಕ್ಷೇತ್ರಕ್ಕೆ ಹೊರಡುವ ಮುನ್ನ ಪರ್ವತದ ಎತ್ತರನಕ್ಷೆಯನ್ನು, ಸಾಧ್ಯವಿದ್ದರೆ ಲೇಸರ್ ಸಮೀಕ್ಷೆಯಿಂದ ಮರಗಿಡಗಳ ಹೊದಿಕೆ ಕಳೆದು ತಯಾರಿಸಿದ ನಕ್ಷೆಯನ್ನು, ಸಾವಧಾನವಾಗಿ ನೋಡಬೇಕು. ಉಗಿಸ್ಫೋಟದ ಕುಳಿಗಳು ಸಾಮಾನ್ಯವಾಗಿ ಚಿಕ್ಕವು. ಅವು ಬಿರುಕಿನ ಗುಂಟ ಸಾಲಾಗಿ ನಿಂತಿರುತ್ತವೆ, ಅಂಚಿನಲ್ಲಿ ಲಾವಾ ಇರುವುದಿಲ್ಲ, ಅನೇಕ ವೇಳೆ ಕೊಳಗಳಾಗಿ ಮಾರ್ಪಟ್ಟಿರುತ್ತವೆ. ಇವುಗಳ ಜೊತೆಗೆ ಬಿಸಿನೀರ ಬುಗ್ಗೆ, ಉಗಿಬಾಯಿ, ಬಿಳಿಚಿಕೊಂಡ ನೆಲ, ಗಿಡ ಬೆಳೆಯದ ತೇಪೆಗಳನ್ನೂ ಗುರುತು ಹಾಕಿಕೊಳ್ಳಬೇಕು.

ಲಿಖಿತ ಇತಿಹಾಸವನ್ನು ಓದಬೇಕು, ಆದರೆ ಅದು ಮೌನವಾಗಿರುವ ಜಾಗದಲ್ಲಿ ಅಪಾಯವಿಲ್ಲವೆಂದು ಭಾವಿಸಬಾರದು. ಒಂಟಾಕೆಯ ಬಗ್ಗೆ 1979ರ ಸ್ಫೋಟದ ಮೊದಲು ಖಚಿತವಾದ ಯಾವ ಐತಿಹಾಸಿಕ ದಾಖಲೆಯೂ ಇರಲಿಲ್ಲ. ಜಪಾನಿನದೇ ಇನ್ನೊಂದು ಜ್ವಾಲಾಮುಖಿ ಕುಸಾತ್ಸು-ಶಿರಾನೆಯಲ್ಲಿ ಐತಿಹಾಸಿಕ ಸ್ಫೋಟಗಳಲ್ಲಿ ಬಹುಪಾಲು ಯುಗಾಮಾ ಕುಳಿಯ ಆಸುಪಾಸಿನಲ್ಲಿ ನಡೆದಿದ್ದರಿಂದ ಎಲ್ಲರ ಕಣ್ಣೂ ಅತ್ತಲೇ ಇತ್ತು; 2018ರ ಜನವರಿ 23ರಂದು ಸ್ಫೋಟಿಸಿದ್ದು ಪಕ್ಕದ ಮೋಟೋಶಿರಾನೆ. ಆದ್ದರಿಂದ ಪ್ರಸಿದ್ಧ ಕುಳಿಯೊಂದನ್ನೇ ಕೇಂದ್ರವಾಗಿಟ್ಟುಕೊಂಡು ಕ್ಷೇತ್ರಕಾರ್ಯವನ್ನು ಯೋಜಿಸುವುದು ಆರಂಭದಲ್ಲೇ ಆಗುವ ತಪ್ಪು.

ಹಂತ 2: ಪದರ ಉಳಿದಿರಬಲ್ಲ ಜಾಗಗಳ ಆಯ್ಕೆ

ಕುಳಿಯ ಅಂಚಿನಲ್ಲಿ ನಿಕ್ಷೇಪ ದಪ್ಪವಾಗಿರುತ್ತದೆ ನಿಜ. ಆದರೆ ಅಲ್ಲಿ ಹಲವು ಸ್ಫೋಟಗಳ ವಸ್ತು ಒಂದರೊಳಗೊಂದು ಕಲೆತು, ಕೊಚ್ಚಿ, ಮತ್ತೆ ಜಾರಿ, ಎಣಿಸಲಾರದಂತೆ ಆಗಿರುತ್ತದೆ. ಶಿಖರದ ಏಣುಗಳಲ್ಲಿ ಗಾಳಿ ಮತ್ತು ಹಿಮ ಏನನ್ನೂ ಉಳಿಸುವುದಿಲ್ಲ. ಸ್ಫೋಟಗಳನ್ನು ಒಂದೊಂದಾಗಿ ಬಿಡಿಸಿ ಓದಬೇಕಾದರೆ ಒಂದರಿಂದ ಕೆಲವು ಕಿಲೋಮೀಟರ್ ದೂರದ, ವಾಡಿಕೆಯ ಗಾಳಿ ಬೀಸುವ ದಿಕ್ಕಿನ, ಇಳಿಜಾರು ಕಡಿಮೆಯಿರುವ, ಮಣ್ಣು ನಿಧಾನವಾಗಿ ಬೆಳೆಯುತ್ತಿರುವ ಜಾಗಗಳು ಬೇಕು. ಜೌಗು ನೆಲದ ಪೀಟ್ (ಅರೆಕೊಳೆತ ಸಸ್ಯಗಳ ರಾಶಿ) ಪದರಗಳು ಇವುಗಳಲ್ಲಿ ಶ್ರೇಷ್ಠ. ಕಪ್ಪು ಪೀಟ್ ನಡುವೆ ಅರ್ಧ ಸೆಂಟಿಮೀಟರಿನ ಬಿಳಿಬೂದು ಜೇಡಿಯ ಗೆರೆಯೂ ಕಣ್ಣಿಗೆ ಬೀಳುತ್ತದೆ, ಅದರ ಮೇಲೂ ಕೆಳಗೂ ಕಾಲನಿರ್ಣಯಕ್ಕೆ ಬೇಕಾದ ಸಾವಯವ ವಸ್ತು ಸಿದ್ಧವಾಗಿಯೇ ಇರುತ್ತದೆ. ಹೊರಹರಿವು ಕಡಿಮೆಯಿರುವ ಸರೋವರಗಳ ತಳದಿಂದ ತೆಗೆದ ಕೊಳವೆ ಮಾದರಿಗಳು ಎರಡನೆಯ ಉತ್ತಮ ಆಯ್ಕೆ.

ರಸ್ತೆಬದಿಯ ಕಡಿತಗಳು, ತೊರೆಯ ದಂಡೆಗಳು ಸಿಕ್ಕಷ್ಟು ಅನುಕೂಲವೇ. ಆದರೂ ತೆಳು ಪದರಗಳ ವಿಷಯದಲ್ಲಿ ಸ್ವತಃ ಕಂದಕ ತೋಡುವುದಕ್ಕೆ ಬದಲಿಲ್ಲ. ಕೈಕೊರಕದಿಂದ ಮೊದಲು ಹಲವು ಕಡೆ ಚುಚ್ಚಿ ನೋಡಿ, ಪದರ ಕಂಡ ಕಡೆ ಮೀಟರ್ ಅಗಲದ ಗುಂಡಿ ತೆಗೆಯುವುದು ಶ್ರಮ ಉಳಿಸುವ ಕ್ರಮ. ಪದರ ಸಿಗದ ಗುಂಡಿಗಳನ್ನೂ ದಾಖಲಿಸಲೇಬೇಕು; ಮುಂದೆ ನಕ್ಷೆಯ ಮೇಲೆ ಗಡಿ ಎಳೆಯುವಾಗ ನೆರವಿಗೆ ಬರುವುದು ಆ ಖಾಲಿ ಗುಂಡಿಗಳೇ.

ಸುರಕ್ಷತೆಯ ಬಗ್ಗೆ ಒಂದು ಮಾತನ್ನು ಇಲ್ಲಿಯೇ ಹೇಳಬೇಕು. ಬಿಸಿನೀರಿನ ವ್ಯವಸ್ಥೆ ಇರುವ ಕಡೆ ತಗ್ಗುಗಳಲ್ಲಿ ಇಂಗಾಲದ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳುತ್ತವೆ, ಮತ್ತು ನಾವು ತೋಡುವ ಗುಂಡಿಯೂ ಒಂದು ತಗ್ಗೇ. 1979ರ ಫೆಬ್ರುವರಿಯಲ್ಲಿ ಇಂಡೋನೇಷ್ಯಾದ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ಉಗಿಸ್ಫೋಟದ ಜೊತೆಗೆ ಹೊರಬಂದ ಇಂಗಾಲದ ಡೈಆಕ್ಸೈಡ್, ಓಡಿಹೋಗುತ್ತಿದ್ದ ನೂರಕ್ಕೂ ಹೆಚ್ಚು ಜನರನ್ನು ದಾರಿಯಲ್ಲೇ ಕೊಂದಿತು. ಅನಿಲಮಾಪಕವಿಲ್ಲದೆ ಗುಂಡಿಗೆ ಇಳಿಯಬಾರದು, ಒಬ್ಬರೇ ಇಳಿಯಲೇಬಾರದು.

ಹಂತ 3: ಮುಖವನ್ನು ಕೆರೆದು ಓದುವುದು

ಗುಂಡಿಯ ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದು, ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಕೆಳಗಿನಿಂದ ಮೇಲಕ್ಕೆ ಪದರ ಪದರವಾಗಿ ಬರೆದುಕೊಳ್ಳಬೇಕು. ಒದ್ದೆ ಮತ್ತು ಒಣ ಸ್ಥಿತಿಯ ಬಣ್ಣ, ದಪ್ಪ ಮತ್ತು ಅದರ ಏರಿಳಿತ, ಕಣಗಳ ಗಾತ್ರ, ಕಣಗಳು ಗಾತ್ರವಾರು ಬೇರ್ಪಟ್ಟಿವೆಯೇ ಅಥವಾ ಕಲಸಿಕೊಂಡಿವೆಯೇ, ಕೆಳಗಿನ ಮತ್ತು ಮೇಲಿನ ಗಡಿ ಚೂಪಾಗಿದೆಯೇ ಎಂಬುದೆಲ್ಲ ಪ್ರತಿ ಪದರಕ್ಕೂ ಬೇಕು. ಗಾತ್ರದ ಹೆಸರುಗಳಲ್ಲಿ ಗೊಂದಲ ಬೇಡ: 2 ಮಿ.ಮೀ.ಗಿಂತ ಸಣ್ಣದು ಬೂದಿ, 2ರಿಂದ 64 ಮಿ.ಮೀ.ವರೆಗಿನದು ಲ್ಯಾಪಿಲ್ಲಿ, ಅದಕ್ಕಿಂತ ದೊಡ್ಡದು ಬಂಡೆತುಂಡು.

ಉಗಿಸ್ಫೋಟದ ಬೂದಿಪದರ ಸಾಮಾನ್ಯವಾಗಿ ಬಿಳಿ, ಬೂದು ಅಥವಾ ನೀಲಿಬೂದು ಬಣ್ಣದ್ದಾಗಿದ್ದು, ಬೆರಳಲ್ಲಿ ಉಜ್ಜಿದರೆ ಜೇಡಿಯಂತೆ ಅಂಟುತ್ತದೆ; ಹೊಸದಾಗಿ ಕೆರೆದ ಮುಖದಿಂದ ಗಂಧಕದ ವಾಸನೆಯೂ ಬರಬಹುದು. ಅದರಲ್ಲಿ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜ ಇರುವುದರಿಂದ ಗಾಳಿಗೆ ತೆರೆದಿಟ್ಟ ಮುಖ ಬರಬರುತ್ತಾ ಹಳದಿಗಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಬಣ್ಣವನ್ನು ತೋಡಿದ ದಿನವೇ ಬರೆದುಕೊಂಡು, ಮಾದರಿಯನ್ನು ಗಾಳಿಯಾಡದ ಚೀಲಕ್ಕೆ ಹಾಕುವುದು ಲೇಸು. ಒದ್ದೆ ಬೂದಿಮೋಡ ನೆಲಕ್ಕೆ ಇಳಿದಿದ್ದರೆ ಬೂದಿಯ ಗುಂಡುಗಳು, ಗಾಳಿಗುಳ್ಳೆಗಳು ಉಳಿದ ಕೆಸರಿನಂಥ ಬೂದಿ, ಗಿಡದ ಕಾಂಡದ ಒಂದೇ ಮಗ್ಗುಲಿಗೆ ಮೆತ್ತಿದ ಬೂದಿ ಕಾಣಸಿಗುತ್ತವೆ. ನೆಲಕ್ಕಂಟಿ ಹರಿದ ಬೂದಿಪ್ರವಾಹವಾಗಿದ್ದರೆ ಅಲೆಯಂಥ ಓರೆಗೆರೆಗಳಿರುತ್ತವೆ, ಪದರ ತಗ್ಗಿನಲ್ಲಿ ದಪ್ಪವಾಗಿ ದಿಬ್ಬದ ಮೇಲೆ ತೆಳುವಾಗುತ್ತದೆ. ಆಕಾಶದಿಂದ ಬಿದ್ದ ಬೂದಿ ಹಾಗಲ್ಲ, ಅದು ತಗ್ಗು ದಿಬ್ಬಗಳೆರಡನ್ನೂ ಒಂದೇ ದಪ್ಪದ ಹೊದಿಕೆಯಂತೆ ಮುಚ್ಚುತ್ತದೆ. ಈ ಒಂದು ವ್ಯತ್ಯಾಸವನ್ನು ಗುರುತಿಸಲು ಒಂದೇ ಗುಂಡಿ ಸಾಲದು, ಹತ್ತಿರದಲ್ಲೇ ಎರಡು ಮೂರು ಬೇಕು.

ಹಂತ 4: ಹೋಲುವ ವಸ್ತುಗಳನ್ನು ಬೇರ್ಪಡಿಸುವುದು

ಜೇಡಿ ತುಂಬಿದ, ಬಿಸಿನೀರಿನಿಂದ ಮಾರ್ಪಟ್ಟ ಕಲ್ಲುಗಳು ಕಲಸಿದ ಪದರವೆಲ್ಲ ಸ್ಫೋಟದ್ದಲ್ಲ. ಮಾರ್ಪಟ್ಟ ಬೆಟ್ಟ ಸಡಿಲವಾಗಿರುವುದರಿಂದ ಸ್ಫೋಟವಿಲ್ಲದೆಯೂ ಜಾರುತ್ತದೆ, ಮಳೆಗೆ ಕೆಸರುಪ್ರವಾಹವಾಗಿ ಹರಿಯುತ್ತದೆ. ಕಣಿವೆಯ ತಳಕ್ಕೆ ಸೀಮಿತವಾಗಿರುವ ಪದರ ಹೆಚ್ಚಾಗಿ ಕೆಸರುಪ್ರವಾಹದ್ದು, ಕಣಿವೆಗಳ ನಡುವಿನ ಏಣಿನ ಮೇಲೂ ಸಿಗುವುದು ಸ್ಫೋಟದ್ದು. ಬೂದಿಯ ಪದರದೊಳಕ್ಕೆ ಕುಸಿದು ಕೂತ ಕಲ್ಲು, ಅದರ ಕೆಳಗೆ ಬಾಗಿದ ಗೆರೆಗಳು ಕಂಡರೆ ಆ ಕಲ್ಲು ಗಾಳಿಯಲ್ಲಿ ಹಾರಿ ಬಂದದ್ದು ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಕೆಲವೊಮ್ಮೆ ಎರಡೂ ಒಂದೇ ಘಟನೆಯ ಭಾಗಗಳಾಗಿರುತ್ತವೆ. 1888ರ ಜುಲೈ 15ರಂದು ಜಪಾನಿನ ಬಂದೈ ಪರ್ವತದಲ್ಲಿ ಉಗಿಸ್ಫೋಟಗಳೊಂದಿಗೆ ಇಡೀ ಉತ್ತರ ಮಗ್ಗುಲು ಕುಸಿದು, ಹಳ್ಳಿಗಳನ್ನು ಹೂತು, ನದಿಗಳಿಗೆ ಅಡ್ಡಕಟ್ಟಿ ಹೊಸ ಸರೋವರಗಳನ್ನೇ ಉಂಟುಮಾಡಿತು. ನ್ಯೂಜಿಲೆಂಡಿನ ಟೊಂಗಾರಿರೊ ಪರ್ವತದ ತೆ ಮಾರಿ ಕುಳಿಯಲ್ಲಿ 2012ರ ಆಗಸ್ಟ್ 6ರ ರಾತ್ರಿ ಮೊದಲು ಮಗ್ಗುಲು ಜಾರಿತು, ಭಾರ ಕಳಚಿದ ಬಿಸಿನೀರಿನ ವ್ಯವಸ್ಥೆ ಆಮೇಲೆ ಸ್ಫೋಟಿಸಿತು. ಇಂಥ ಕಡೆ ಭೂಕುಸಿತದ ಪದರ ಕೆಳಗೆ, ಬೂದಿಪ್ರವಾಹದ್ದು ಅದರ ಮೇಲೆ ಇರುತ್ತದೆ. ನಡುವೆ ಮಣ್ಣಾಗಲಿ, ಮಳೆ ಕೊರೆದ ಗುರುತಾಗಲಿ ಇಲ್ಲದಿದ್ದರೆ ಅವೆರಡೂ ಒಂದೇ ಘಟನೆಗೆ ಸೇರಿದವೆಂದು ಓದಬಹುದು.

ಹಂತ 5: ಕಣ ಎಣಿಕೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಮೀಸಲಿಡಬೇಕಾದದ್ದು ಇದಕ್ಕೆ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಉಗಿಸ್ಫೋಟ ಎಂಬ ತೀರ್ಪು ನಿಂತಿರುವುದು ತಾಜಾ ಶಿಲಾರಸದ ಕಣ ಇಲ್ಲ ಎಂಬ ಇಲ್ಲದಿರುವಿಕೆಯ ಮೇಲೆ, ಮತ್ತು ಇಲ್ಲ ಎಂದು ಸಾಧಿಸುವುದು ಇದೆ ಎಂದು ಸಾಧಿಸುವುದಕ್ಕಿಂತ ಯಾವಾಗಲೂ ಕಷ್ಟ.

ಮಾದರಿಯನ್ನು 40ರಿಂದ 50 ಡಿಗ್ರಿಯ ಮೆಲುಬಿಸಿಯಲ್ಲಿ ಒಣಗಿಸಬೇಕು. ಅದಕ್ಕಿಂತ ಹೆಚ್ಚಿನ ಬಿಸಿಯಲ್ಲಿ ಜೇಡಿ ಖನಿಜಗಳ ಒಳನೀರು ಹೋಗಿ ಮುಂದಿನ ಪರೀಕ್ಷೆ ಹಾಳಾಗುತ್ತದೆ. ಜೇಡಿಯ ವಿಶ್ಲೇಷಣೆಗೆ ಒಂದು ಪಾಲನ್ನು ಮೊದಲೇ ಬೇರೆ ಇಟ್ಟು, ಉಳಿದದ್ದನ್ನು ನೀರಿನಲ್ಲಿ ನೆನೆಸಿ, ಶ್ರವಣಾತೀತ ಧ್ವನಿಯ ತೊಟ್ಟಿಯಲ್ಲಿ ಅಲುಗಿಸಿ, ಕಣಗಳಿಗೆ ಮೆತ್ತಿದ ಜೇಡಿಯನ್ನು ತೊಳೆದು, ಪ್ರತಿ ಜರಡಿಯ ಕಣ್ಣು ಹಿಂದಿನದರ ಅರ್ಧದಷ್ಟಿರುವ ಸಾಲಿನಲ್ಲಿ ಒದ್ದೆಯಾಗಿಯೇ ಜರಡಿ ಹಿಡಿಯಬೇಕು. ಆಮೇಲೆ ಒಂದೇ ಗಾತ್ರವರ್ಗದ ಕಣಗಳನ್ನು, ಉದಾಹರಣೆಗೆ ಅರ್ಧದಿಂದ ಒಂದು ಮಿ.ಮೀ.ವರೆಗಿನವನ್ನು, ಸೂಕ್ಷ್ಮದರ್ಶಕದಡಿ ಎಣಿಸಬೇಕು. ಎಲ್ಲ ಪದರಗಳಿಗೂ ಅದೇ ಗಾತ್ರವರ್ಗವನ್ನು ಬಳಸದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ.

ವರ್ಗೀಕರಣಕ್ಕೆ ಐದು ಗುಂಪುಗಳು ಸಾಕು: ಬಿಸಿನೀರಿನಿಂದ ಮಾರ್ಪಟ್ಟ ಕಲ್ಲಿನ ಚೂರು, ಮಾರ್ಪಡದ ಹಳೆಯ ಕಲ್ಲಿನ ಚೂರು, ಬಿಡಿ ಹರಳು, ಪೈರೈಟ್, ಅಲ್ಯುನೈಟ್, ಸಿಲಿಕಾಗಳಂಥ ಬಿಸಿನೀರಿನ ಖನಿಜಗಳು, ಮತ್ತು ತಾಜಾ ಎನಿಸುವ ಗಾಜಿನ ಕಣ. ಎಷ್ಟು ಕಣ ಎಣಿಸಬೇಕು ಎಂಬುದಕ್ಕೆ ಸಂಖ್ಯಾಶಾಸ್ತ್ರದ ಒಂದು ಸರಳ ಸೂತ್ರವಿದೆ. 300 ಕಣ ಎಣಿಸಿ ಒಂದೂ ತಾಜಾ ಕಣ ಸಿಗದಿದ್ದರೆ, ಅವುಗಳ ನಿಜವಾದ ಪ್ರಮಾಣ ಶೇ. 1ಕ್ಕಿಂತ ಕಡಿಮೆ ಎಂದು ಶೇ. 95ರ ಭರವಸೆಯಿಂದ ಹೇಳಬಹುದು, ಅಷ್ಟೆ. ಶೇ. 0.1ಕ್ಕಿಂತ ಕಡಿಮೆ ಎನ್ನಲು 3,000 ಕಣ ಎಣಿಸಬೇಕಾಗುತ್ತದೆ. ವರದಿಯಲ್ಲಿ ತಾಜಾ ಕಣಗಳಿಲ್ಲ ಎಂದು ಬರೆಯುವ ಬದಲು ಎಷ್ಟು ಎಣಿಸಿದಿರಿ ಎಂಬುದನ್ನು ಬರೆಯುವುದು ಪ್ರಾಮಾಣಿಕ ಕ್ರಮ.

ಇನ್ನು ಗಾಜಿನ ಕಣ ಸಿಕ್ಕಿತೆಂದರೆ ತೀರ್ಪು ಮುಗಿಯಿತೇ? ಇಲ್ಲ. ಉಗಿಸ್ಫೋಟ ಒಡೆಯುವ ಹಳೆಯ ಬಂಡೆಯಲ್ಲೇ ಹಿಂದಿನ ಸ್ಫೋಟಗಳ ಗಾಜು ಇರುತ್ತದೆ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ ಲಾ ಸೂಫ್ರಿಯೆರ್‌ನಲ್ಲಿ 1976ರ ಜುಲೈಯಲ್ಲಿ ಉಗಿಸ್ಫೋಟಗಳು ಆರಂಭವಾದಾಗ, ಬೂದಿಯಲ್ಲಿ ತಾಜಾ ಗಾಜಿದೆ ಎಂಬ ವರದಿ ಬಂತು. ಶಿಲಾರಸ ಏರುತ್ತಿದೆ ಎಂಬ ಆತಂಕಕ್ಕೆ ಅದು ಬಲ ಕೊಟ್ಟಿತು, ಸುಮಾರು 70,000 ಜನರನ್ನು ತಿಂಗಳುಗಟ್ಟಲೆ ಮನೆ ಬಿಡಿಸಲಾಯಿತು, ವಿಜ್ಞಾನಿಗಳು ಬಹಿರಂಗವಾಗಿಯೇ ಕಚ್ಚಾಡಿದರು. ಶಿಲಾರಸ ಬರಲಿಲ್ಲ, ಮತ್ತು ಆ ಗಾಜನ್ನು ತಾಜಾ ಎಂದು ಗುರುತಿಸಿದ್ದು ಸರಿಯಲ್ಲವೆಂದು ಮುಂದಿನ ಪರಿಶೀಲನೆ ತೋರಿಸಿತು. ಜನರನ್ನು ಸ್ಥಳಾಂತರಿಸಿದ್ದೇ ತಪ್ಪು ಎನ್ನಲು ನಾನು ಸಿದ್ಧನಿಲ್ಲ; ಉಗಿಸ್ಫೋಟವೊಂದೇ ಕೊಲ್ಲಲು ಸಾಕು. ಆದರೆ ಒಂದು ಕಣದ ಗುರುತಿನ ಮೇಲೆ ಎಷ್ಟು ಭಾರ ಬೀಳಬಹುದೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಆದ್ದರಿಂದ ಅನುಮಾನದ ಪ್ರತಿ ಕಣವನ್ನೂ ರಾಳದಲ್ಲಿ ಹುದುಗಿಸಿ, ನುಣುಪು ಮಾಡಿ, ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಒಳಭಾಗವನ್ನು ನೋಡಬೇಕು. ಅಂಚುಗಳು ಚೂಪಾಗಿ, ಗುಳ್ಳೆಗಳ ಒಳಗೋಡೆ ಶುಚಿಯಾಗಿ, ಗಾಜು ಎಲ್ಲೂ ಜೇಡಿಯಾಗದೆ ಉಳಿದಿದೆಯೇ? ಗುಳ್ಳೆಗಳಲ್ಲಿ ಅಲ್ಯುನೈಟ್ ಅಥವಾ ಸಿಲಿಕಾ ಬೆಳೆದಿದ್ದರೆ ಅದು ಹಳೆಯ ಗಾಜು. ಗಾಜಿನ ರಾಸಾಯನಿಕ ಸಂಯೋಜನೆ ಅದೇ ಪರ್ವತದ ಹಿಂದಿನ ಸ್ಫೋಟವೊಂದರ ಗಾಜಿಗೆ ತಾಳೆಯಾದರೆ ಅನುಮಾನ ಇನ್ನೂ ಬಲವಾಗುತ್ತದೆ. ಎರಡೂ ಪರೀಕ್ಷೆಗಳನ್ನು ದಾಟಿದ, ಪದರದುದ್ದಕ್ಕೂ ಮತ್ತೆ ಮತ್ತೆ ಸಿಗುವ ಕಣವನ್ನು ಮಾತ್ರ ತಾಜಾ ಎಂದು ಕರೆಯಬೇಕು.

ಹಂತ 6: ಖನಿಜಗಳಿಂದ ಸ್ಫೋಟದ ಆಳ

ಬೇರೆ ಇಟ್ಟಿದ್ದ ಜೇಡಿಯ ಪಾಲು ಈಗ ಕೆಲಸಕ್ಕೆ ಬರುತ್ತದೆ. ಎಕ್ಸ್-ಕಿರಣ ವಿವರ್ತನೆಯಿಂದ, ಎಂದರೆ ಹರಳಿನ ಪದರಗಳಿಂದ ಕಿರಣ ಚದುರುವ ಕೋನಗಳನ್ನು ಅಳೆದು, ಅದರ ಖನಿಜಗಳನ್ನು ಗುರುತಿಸಬೇಕು. ಸ್ಮೆಕ್ಟೈಟ್ ಎಂಬ ಜೇಡಿಖನಿಜ ಎಥಿಲೀನ್ ಗ್ಲೈಕಾಲ್ ಆವಿಯಲ್ಲಿ ಉಬ್ಬಿ ಪದರಗಳ ಅಂತರ 17 ಆಂಗ್‌ಸ್ಟ್ರಾಂಗೆ (ಒಂದು ಆಂಗ್‌ಸ್ಟ್ರಾಂ ಎಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಏರುತ್ತದೆ, ಕೇಯೊಲಿನೈಟ್‌ನ 7 ಆಂಗ್‌ಸ್ಟ್ರಾಂ ಶಿಖರ 550 ಡಿಗ್ರಿಗೆ ಕಾಯಿಸಿದಾಗ ಮಾಯವಾಗುತ್ತದೆ.

ಪ್ರತಿ ಖನಿಜವೂ ತಾನು ಹುಟ್ಟಿದ ನೀರಿನ ಬಿಸಿ ಮತ್ತು ಆಮ್ಲತೆಯ ಗುರುತನ್ನು ಹೊತ್ತಿರುತ್ತದೆ. ಕೇಯೊಲಿನೈಟ್, ಅಲ್ಯುನೈಟ್, ಕ್ರಿಸ್ಟೊಬಲೈಟ್‌ಗಳು ಮೇಲ್ಭಾಗದ ಆಮ್ಲೀಯ ವಲಯದವು. ತಟಸ್ಥ ನೀರಿನಲ್ಲಿ ಸ್ಮೆಕ್ಟೈಟ್ ಕಡಿಮೆ ಬಿಸಿಯ, ಇಲೈಟ್ ಸುಮಾರು 220 ಡಿಗ್ರಿ ಮೀರಿದ, ಎಪಿಡೋಟ್ ಅದಕ್ಕೂ ಬಿಸಿಯಾದ ವಲಯದ ಸೂಚಕ. ನೀರಿನ ಕುದಿಬಿಂದು ಆಳದೊಂದಿಗೆ ಏರುವುದರಿಂದ ಬಿಸಿಯನ್ನು ಆಳಕ್ಕೆ ಪರಿವರ್ತಿಸಬಹುದು: 10 ಮೀಟರ್ ನೀರಿನ ಕೆಳಗೆ ಕುದಿಬಿಂದು ಸುಮಾರು 120 ಡಿಗ್ರಿ, 100 ಮೀಟರ್ ಕೆಳಗೆ ಸುಮಾರು 180 ಡಿಗ್ರಿ. ಹೀಗೆ ಬೂದಿಯಲ್ಲಿ ಸ್ಮೆಕ್ಟೈಟ್ ಮತ್ತು ಅಲ್ಯುನೈಟ್ ಮಾತ್ರ ಇದ್ದರೆ ಸ್ಫೋಟ ಮೇಲುಮೇಲಿನದು, ಇಲೈಟ್ ಮತ್ತು ಎಪಿಡೋಟ್ ಹೊತ್ತ ಚೂರುಗಳಿದ್ದರೆ ಅದು ನೂರಾರು ಮೀಟರ್ ಆಳದಿಂದ ಅಗೆದು ತಂದದ್ದು. ಈ ಲೆಕ್ಕದಲ್ಲಿ ಒಂದು ಎಚ್ಚರ ಬೇಕು. ಹಳೆಯ ಪರ್ವತದ ಮೇಲ್ಭಾಗ ಸವೆದುಹೋಗಿದ್ದರೆ, ಒಮ್ಮೆ ಆಳದಲ್ಲಿ ಹುಟ್ಟಿದ ಖನಿಜಗಳು ಸ್ಫೋಟದ ಹೊತ್ತಿಗೆ ನೆಲಕ್ಕೆ ಹತ್ತಿರ ಬಂದಿರುತ್ತವೆ.

ಹಂತ 7: ಎಸೆದ ಬಂಡೆಗಳಿಂದ ವೇಗ

ಉಗಿಸ್ಫೋಟದಲ್ಲಿ ಸಾವಿನ ಮುಖ್ಯ ಕಾರಣಗಳಲ್ಲಿ ಹಾರಿಬರುವ ಬಂಡೆಗಳೂ ಒಂದು. ತೆ ಮಾರಿಯಲ್ಲಿ ಅವು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಚಾರಣಿಗರ ವಸತಿಯ ಛಾವಣಿಯನ್ನು ತೂರಿ ಒಳನುಗ್ಗಿದ್ದವು. ನೆಲದ ಮೇಲೆ ಸಾವಿರಾರು ಗುಳಿಗಳು ಬಿದ್ದಿದ್ದವು. ಹಳೆಯ ಸ್ಫೋಟಗಳಲ್ಲಿ ಗುಳಿಗಳು ಮುಚ್ಚಿಹೋಗಿರುತ್ತವೆ, ಬಂಡೆಗಳು ಉಳಿದಿರುತ್ತವೆ. ಪ್ರತಿ ದಿಕ್ಕಿನಲ್ಲೂ ಅತಿ ದೂರದ ದೊಡ್ಡ ಬಂಡೆಗಳ ಸ್ಥಾನ, ಮೂರು ಆಯಾಮಗಳ ಅಳತೆ, ಸಾಂದ್ರತೆ, ಶಿಲೆಯ ಬಗೆ ಇಷ್ಟನ್ನು ದಾಖಲಿಸಬೇಕು. ಇಳಿಜಾರಿನಲ್ಲಿ ಉರುಳಿ ಬಂದಿರಬಹುದಾದವನ್ನು ಬಿಡಬೇಕು.

ಗಾಳಿಯ ತಡೆಯನ್ನು ಮರೆತು ಮಾಡುವ ಲೆಕ್ಕ ಕನಿಷ್ಠ ವೇಗವನ್ನು ಕೊಡುತ್ತದೆ: ಸಮಮಟ್ಟದಲ್ಲಿ 45 ಡಿಗ್ರಿ ಕೋನದಲ್ಲಿ 1 ಕಿಲೋಮೀಟರ್ ಹಾರಲು ಸೆಕೆಂಡಿಗೆ ಸುಮಾರು 99 ಮೀಟರ್, ಎಂದರೆ ಗಂಟೆಗೆ 350 ಕಿ.ಮೀ.ಗೂ ಮೀರಿದ ವೇಗ ಬೇಕು. ಗಾಳಿಯ ತಡೆ ಸೇರಿದರೆ ನಿಜವಾದ ವೇಗ ಇನ್ನೂ ಹೆಚ್ಚು. ಬಂಡೆ ಚಿಕ್ಕದಾದಷ್ಟೂ ಈ ತಿದ್ದುಪಡಿ ದೊಡ್ಡದಾಗುತ್ತದೆ. ಬಾಯಿಗಿಂತ ತಗ್ಗಿನಲ್ಲಿ ಬಿದ್ದ ಬಂಡೆ ಹೆಚ್ಚು ಹೊತ್ತು ಹಾರಿರುವುದರಿಂದ ಎತ್ತರದ ವ್ಯತ್ಯಾಸವನ್ನೂ ಲೆಕ್ಕಕ್ಕೆ ತರಬೇಕು. ಬಂಡೆಗಳು ಒಂದೇ ಮಗ್ಗುಲಿಗೆ ಸೇರಿದ್ದರೆ ಸ್ಫೋಟ ಓರೆಯಾಗಿ ಚಿಮ್ಮಿತ್ತು ಎಂದರ್ಥ. ಅಪಾಯದ ನಕ್ಷೆಯಲ್ಲಿ ವೃತ್ತ ಎಳೆದು ಕೈತೊಳೆದುಕೊಳ್ಳುವವರಿಗೆ ಇದು ಅನುಕೂಲಕರ ಸಂಗತಿಯಲ್ಲ.

ಹಂತ 8: ಗಾತ್ರದ ಲೆಕ್ಕ

ಗುಂಡಿಗಳಲ್ಲಿ ಅಳೆದ ದಪ್ಪವನ್ನು ನಕ್ಷೆಯ ಮೇಲೆ ಗುರುತಿಸಿ, ಸಮಾನ ದಪ್ಪದ ಬಿಂದುಗಳನ್ನು ಜೋಡಿಸಿ ರೇಖೆ ಎಳೆಯಬೇಕು. ಪ್ರತಿ ರೇಖೆಯೊಳಗಿನ ಪ್ರದೇಶದ ವರ್ಗಮೂಲವನ್ನು ಅಡ್ಡ ಅಕ್ಷದಲ್ಲಿ, ದಪ್ಪದ ಸ್ವಾಭಾವಿಕ ಲಾಗರಿದಮ್ಮನ್ನು ಲಂಬ ಅಕ್ಷದಲ್ಲಿ ಇಟ್ಟರೆ ಬಿಂದುಗಳು ಹೆಚ್ಚುಕಡಿಮೆ ಸರಳರೇಖೆಯಲ್ಲಿ ಬೀಳುತ್ತವೆ. ರೇಖೆ ಲಂಬ ಅಕ್ಷವನ್ನು ತಾಗುವಲ್ಲಿ ಸಿಗುವ ದಪ್ಪವನ್ನು ಎರಡರಿಂದ ಗುಣಿಸಿ, ರೇಖೆಯ ಇಳಿಜಾರಿನ ವರ್ಗದಿಂದ ಭಾಗಿಸಿದರೆ ಒಟ್ಟು ಗಾತ್ರ ಸಿಗುತ್ತದೆ. ಒಂದು ಕಲ್ಪಿತ ಉದಾಹರಣೆ: ವರ್ಗಮೂಲ 0.5 ಕಿ.ಮೀ. ಇರುವಲ್ಲಿ ದಪ್ಪ 10 ಸೆ.ಮೀ., 1.5 ಕಿ.ಮೀ. ಇರುವಲ್ಲಿ 2 ಸೆ.ಮೀ. ಎಂದಿರಲಿ. ಇಳಿಜಾರು ಕಿಲೋಮೀಟರಿಗೆ 1.61, ಮೂಲದ ದಪ್ಪ ಸುಮಾರು 22 ಸೆ.ಮೀ., ಗಾತ್ರ ಸುಮಾರು 1.7 ಲಕ್ಷ ಘನಮೀಟರ್. 0ಯಿಂದ 8ರವರೆಗಿನ ಸ್ಫೋಟತೀವ್ರತೆಯ ಸೂಚಿಯಲ್ಲಿ ಇದು 1ನೆಯ ದರ್ಜೆ. ಈ ಲೆಕ್ಕ ಆಕಾಶದಿಂದ ಬಿದ್ದ ಬೂದಿಗೆ ಮಾತ್ರ ಹೊಂದುತ್ತದೆ. ನೆಲಕ್ಕಂಟಿ ಹರಿದದ್ದನ್ನೂ ಬಂಡೆಗಳನ್ನೂ ಪ್ರತ್ಯೇಕವಾಗಿ ಅಳೆದು ಕೂಡಿಸಬೇಕು. ಮೊತ್ತವನ್ನು ಕುಳಿಯ ಗಾತ್ರದೊಂದಿಗೆ ಹೋಲಿಸಿ ನೋಡುವುದು ಒಳ್ಳೆಯ ತಾಳೆ. ಹೊರಬಂದದ್ದೆಲ್ಲ ಹಳೆಯ ಬಂಡೆಯೇ ಆಗಿದ್ದರೆ, ಸಾಂದ್ರತೆಯ ವ್ಯತ್ಯಾಸವನ್ನು ಸರಿಪಡಿಸಿದ ಮೇಲೆ ಎರಡೂ ಹತ್ತಿರ ಬರಬೇಕು.

ಹಂತ 9: ಕಾಲನಿರ್ಣಯ

ಉಗಿಸ್ಫೋಟದ ಬೂದಿ ಸಾಮಾನ್ಯವಾಗಿ ಮರವನ್ನು ಇದ್ದಿಲಾಗಿಸುವಷ್ಟು ಬಿಸಿಯಿರುವುದಿಲ್ಲ, ಹಾಗಾಗಿ ಪದರದೊಳಗೇ ಇದ್ದಿಲು ಸಿಗುವುದು ಅಪರೂಪ. ಪದರದ ಕೆಳಗಿನ ಮತ್ತು ಮೇಲಿನ ಮಣ್ಣು ಅಥವಾ ಪೀಟ್‌ನಿಂದ ಬೀಜ, ಎಲೆ, ಕಡ್ಡಿಗಳನ್ನು ಆಯ್ದು ಕಾರ್ಬನ್-14 ವಿಧಾನದಿಂದ ವಯಸ್ಸು ಕಂಡು, ಸ್ಫೋಟ ಆ ಎರಡರ ನಡುವೆ ನಡೆಯಿತೆಂದು ಹೇಳಬೇಕು. ಕಾರ್ಬನ್-14ರ ಅರ್ಧಾಯುಷ್ಯ 5,730 ವರ್ಷ. ಸುಮಾರು 50,000 ವರ್ಷಗಳಾಚೆಗೆ ಈ ವಿಧಾನ ಕೆಲಸಕ್ಕೆ ಬರುವುದಿಲ್ಲ. ಜ್ವಾಲಾಮುಖಿ ಪ್ರದೇಶಕ್ಕೇ ವಿಶಿಷ್ಟವಾದ ಒಂದು ಬಲೆಯೂ ಇದೆ. ನೆಲದಿಂದ ಹೊರಬರುವ ಇಂಗಾಲದ ಡೈಆಕ್ಸೈಡಿನಲ್ಲಿ ಕಾರ್ಬನ್-14 ಇರುವುದಿಲ್ಲ. ಅದನ್ನು ಹೀರಿ ಬೆಳೆದ ಗಿಡ ತನ್ನ ನಿಜ ವಯಸ್ಸಿಗಿಂತ ಹಳೆಯದಾಗಿ ತೋರುತ್ತದೆ. ಉಗಿಬಾಯಿಗಳ ಪಕ್ಕದ ಮಾದರಿಯನ್ನು ಈ ಕಾರಣಕ್ಕೆ ಬಿಡಬೇಕು.

ದೂರದ ಮಹಾಸ್ಫೋಟಗಳ ಗುರುತುಪದರಗಳು ಇನ್ನೊಂದು ಆಧಾರ. ಜಪಾನಿನಲ್ಲಿ ಸುಮಾರು 7,300 ವರ್ಷ ಹಿಂದಿನ ಕಿಕಾಯ್-ಅಕಾಹೋಯಾ ಬೂದಿ ವಿಶಾಲ ಪ್ರದೇಶದಲ್ಲಿ ಸಿಗುತ್ತದೆ. ನಿಮ್ಮ ಜೇಡಿಪದರ ಅದರ ಮೇಲಿದೆಯೋ ಕೆಳಗಿದೆಯೋ ಎಂಬುದೇ ಒಂದು ದೊಡ್ಡ ಉತ್ತರ. ನಿಕ್ಷೇಪ ಬಿಸಿಯಾಗಿ ಬಿತ್ತೋ ತಣ್ಣಗೆ ಬಿತ್ತೋ ತಿಳಿಯಲು ಕಲ್ಲುಗಳ ಕಾಂತತ್ವವನ್ನು ಹಂತಹಂತವಾಗಿ ಕಾಯಿಸಿ ನೋಡಬಹುದು. ಅವುಗಳ ಕಾಂತದಿಕ್ಕುಗಳು ಚೆಲ್ಲಾಪಿಲ್ಲಿಯಾಗಿದ್ದರೆ ತಣ್ಣಗೆ ಬಿದ್ದವು, ಒಂದು ನಿರ್ದಿಷ್ಟ ಬಿಸಿಯವರೆಗಿನ ಘಟಕ ಎಲ್ಲದರಲ್ಲೂ ಒಂದೇ ದಿಕ್ಕಿಗಿದ್ದರೆ ಆ ಬಿಸಿಯಲ್ಲಿ ಬಿದ್ದವು.

ಹಂತ 10: ಘಟನೆಯನ್ನು ಬರೆಯುವುದು

ಈಗ ಪದರಗಳನ್ನು ಗುಂಡಿಯಿಂದ ಗುಂಡಿಗೆ ತಾಳೆಹಾಕಿ, ಪ್ರತಿ ಸ್ಫೋಟಕ್ಕೂ ಕಾಲ, ಬಾಯಿ, ಆಳ, ದಿಕ್ಕು, ಗಾತ್ರ ಬರೆಯಬಹುದು. ಪದರದ ನೇರ ಮೇಲೆ ಏನಿದೆ ಎಂಬುದನ್ನು ಇಲ್ಲಿ ಮತ್ತೆ ನೋಡಬೇಕು. ಅಮೆರಿಕದ ಸೇಂಟ್ ಹೆಲೆನ್ಸ್‌ನಲ್ಲಿ 1980ರ ಮಾರ್ಚ್ 27ರಂದು ಉಗಿಸ್ಫೋಟಗಳು ಶುರುವಾಗಿ ಮೇ 18ರ ಮಹಾಸ್ಫೋಟಕ್ಕೆ ದಾರಿಯಾದವು. ಫಿಲಿಪೀನ್ಸಿನ ಪಿನಟುಬೊದಲ್ಲಿ 1991ರ ಏಪ್ರಿಲ್ 2ರಿಂದ ಜೂನ್ 15ರವರೆಗೆ ಅದೇ ಕಥೆ. ಜೇಡಿಪದರದ ಮೇಲೆ ಮಣ್ಣಿಲ್ಲದೆ ನೇರವಾಗಿ ತಾಜಾ ಗಾಜಿನ ಬೂದಿ ಇದ್ದರೆ ಅದು ಪೀಠಿಕೆ, ನಡುವೆ ಮಣ್ಣು ಬೆಳೆದಿದ್ದರೆ ಅದು ಅಲ್ಲಿಗೇ ಮುಗಿದ ಘಟನೆ. ಒಂದು ಪರ್ವತದಲ್ಲಿ ಈ ಎರಡು ಬಗೆಗಳ ಅನುಪಾತ ಎಷ್ಟೆಂಬುದು, ಮುಂದೊಮ್ಮೆ ಅಲ್ಲಿ ಉಗಿ ಚಿಮ್ಮಿದಾಗ ತೀರ್ಮಾನ ಮಾಡಬೇಕಾದವರು ಮೊದಲು ಕೇಳುವ ಪ್ರಶ್ನೆ.

ಎಷ್ಟು ವರ್ಷಗಳಿಗೊಮ್ಮೆ ಎಂಬ ಸಂಖ್ಯೆಯನ್ನು ಕೊಡುವಾಗ ಅದು ಕನಿಷ್ಠ ಎಣಿಕೆ ಎಂದು ಅದೇ ವಾಕ್ಯದಲ್ಲಿ ಬರೆಯಬೇಕು. ಕಳೆದ ಐವತ್ತು ವರ್ಷಗಳಲ್ಲಿ ಕಣ್ಣಾರೆ ಕಂಡ ಸ್ಫೋಟಗಳಲ್ಲಿ ಎಷ್ಟರ ಪದರ ನಿಮ್ಮ ಗುಂಡಿಗಳಲ್ಲಿ ಉಳಿದಿದೆ ಎಂದು ಲೆಕ್ಕಹಾಕಿದರೆ, ಹಳೆಯ ಸಾವಿರಾರು ವರ್ಷಗಳಲ್ಲಿ ಎಷ್ಟು ಕಳೆದುಹೋಗಿರಬಹುದೆಂಬ ಸ್ಥೂಲ ಅಂದಾಜು ಸಿಗುತ್ತದೆ. ಕಂಡದ್ದನ್ನು ಒಂದು ಕೋಷ್ಟಕದಲ್ಲಿ, ಅದರಿಂದ ಊಹಿಸಿದ್ದನ್ನು ಇನ್ನೊಂದರಲ್ಲಿ ಇಟ್ಟು, ಪ್ರತಿ ಪದರದ ಮಾದರಿಯಲ್ಲಿ ಅರ್ಧದಷ್ಟನ್ನು ತೊಳೆಯದೆ ಮುಚ್ಚಿಡಬೇಕು. ತಾಜಾ ಗಾಜಿನ ಪ್ರಶ್ನೆ ಮತ್ತೆ ಎದ್ದಾಗ ಬೇರೊಬ್ಬರು ಅದೇ ಪದರದ ಕಣಗಳನ್ನು ಮೊದಲಿನಿಂದ ಎಣಿಸಬೇಕಾಗುತ್ತದೆ.